ಡ್ಯಾಂಗನ್: ಬೆಂಕಿಗೆ ಮೊದಲೇ ಕಾಗದದಲ್ಲಿ ಕುಸಿದಿದ್ದ ಕೋಟೆಮನೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಸಾಲುಗಟ್ಟಿ ನಿಂತ ಕಲ್ಲುಕಂಬಗಳ ಹಳೆಯ ಸೇತುವೆಯನ್ನು ನೋಡಿದವರಿಗೆ ಅದರ ಹೆಸರೂ ಗೊತ್ತಿರುತ್ತದೆ: ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿಸಿದ ಅದಕ್ಕೆ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರಿಟ್ಟರು. ಅದೇ 1804ರಲ್ಲಿ, ಆ ಹೆಸರಿನ ಮನೆತನ ಬಾಳಿ ಬದುಕಿದ್ದ ಐರ್ಲೆಂಡಿನ ಡ್ಯಾಂಗನ್ ಎಂಬ ಮನೆಯಲ್ಲಿ ಗೇಣಿಗೆ ಕೂತಿದ್ದವನು ಬ್ರಿಟಿಷ್ ಆಳ್ವಿಕೆಯ ವಿರುದ್ಧ ಸಂಚು ಹೂಡಿದ ಆರೋಪದ ಮೇಲೆ ಜೈಲು ಕಂಡು ಬಂದಿದ್ದ ಒಬ್ಬ ಐರಿಷ್ ಬಂಡಾಯಗಾರ. ಮುಂದೆ ಐದೇ ವರ್ಷಕ್ಕೆ ಆ ಮನೆ ಸುಟ್ಟುಹೋಯಿತು. ಇಂದು ಉಳಿದಿರುವುದು ಸೂರಿಲ್ಲದ ಗೋಡೆಗಳು, ಹೊಲಗಳ ನಡುವೆ ಎರಡು ಒಬೆಲಿಸ್ಕ್‌ಗಳು, ಅಂದರೆ ತುದಿಗೆ ಕಿರಿದಾಗುವ ಕಲ್ಲಿನ ಸ್ತಂಭಗಳು.

ಐರ್ಲೆಂಡಿನ ಪಾಳುಕೋಟೆ ಎಂದೊಡನೆ ಯುದ್ಧ, ಮುತ್ತಿಗೆ, ಇಂಗ್ಲಿಷ್ ಸೇನಾನಿ ಕ್ರಾಮ್‌ವೆಲ್ಲನ ಪಿರಂಗಿ ನೆನಪಾಗುತ್ತವೆ. ಡ್ಯಾಂಗನ್ ಹಾಗೆ ಹಾಳಾದದ್ದಲ್ಲ. ಸಾಲ, ಅಡಮಾನ, ಮಾರಾಟ, ಗೇಣಿಪತ್ರ, ಇವು ಒಂದರ ಹಿಂದೊಂದು ಬಂದು ಮನೆಯನ್ನು ಅನಾಥ ಮಾಡಿದವು. ಬೆಂಕಿ ಬಿದ್ದಾಗ ಅದನ್ನು ಮತ್ತೆ ಕಟ್ಟಬೇಕೆನ್ನುವವರು ಯಾರೂ ಇರಲಿಲ್ಲ. ಐರ್ಲೆಂಡಿನ ಬಹಳಷ್ಟು ದೊಡ್ಡ ಮನೆಗಳ ಅವಸಾನ ಅರ್ಥವಾಗಬೇಕಾದರೆ ಈ ಒಂದನ್ನು ಬಿಡಿಸಿ ನೋಡಿದರೆ ಸಾಕು.

ಜಾಗ ಮತ್ತು ಹೆಸರು

ಡ್ಯಾಂಗನ್ ಇರುವುದು ಮೀತ್ ಕೌಂಟಿಯಲ್ಲಿ, ಟ್ರಿಮ್ ಪಟ್ಟಣಕ್ಕೂ ಸಮ್ಮರ್‌ಹಿಲ್ ಎಂಬ ಹಳ್ಳಿಗೂ ನಡುವೆ. ಡಬ್ಲಿನ್ ಅಲ್ಲಿಂದ ಸುಮಾರು 40 ಕಿ.ಮೀ. ದೂರ. ಐರಿಷ್ ಭಾಷೆಯಲ್ಲಿ ಈ ಪದಕ್ಕೆ ಭದ್ರವಾದ ಜಾಗ, ಕೋಟೆ ಎಂಬ ಅರ್ಥ. ನಮ್ಮ ‘ದುರ್ಗ’ದಂತೆಯೇ ಊರ ಹೆಸರಾಗಿ ಆ ದೇಶದಲ್ಲಿ ಹಲವು ಕಡೆ ಸಿಗುತ್ತದೆ. ಹಾಗಾಗಿ ದಾಖಲೆ ಹುಡುಕುವವರು ಕೌಂಟಿಯ ಹೆಸರನ್ನು ಜೊತೆಗಿಟ್ಟುಕೊಳ್ಳಲೇಬೇಕು.

ಮಧ್ಯಯುಗದ ಕೊನೆಯಿಂದ ಈ ಜಾಗ ವೆಸ್ಲಿ ಮನೆತನದ್ದು. ಅಲ್ಲಿದ್ದ ಹಳೆಯ ಕೋಟೆಯನ್ನು ಒಳಗೊಂಡಂತೆ 18ನೇ ಶತಮಾನದಲ್ಲಿ ದೊಡ್ಡ ಮನೆಯೊಂದು ಎದ್ದಿತು. ಹಾಗಾಗಿ ‘ಕ್ಯಾಸಲ್’ ಎಂದು ಕರೆದರೂ ಇಂದು ಕಾಣುವ ಗೋಡೆಗಳಲ್ಲಿ ಹೆಚ್ಚಿನವು ಕಾದಾಟಕ್ಕೆಂದು ಕಟ್ಟಿದವಲ್ಲ. ದೊಡ್ಡ ಕಿಟಕಿಗಳ, ವಾಸದ ಮನೆಯ ಗೋಡೆಗಳು.

1728ರಲ್ಲಿ ಮನೆಯ ಯಜಮಾನ ಗ್ಯಾರೆಟ್ ವೆಸ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮೆಥಡಿಸ್ಟ್ ಪಂಥದ ಚಾರ್ಲ್ಸ್ ವೆಸ್ಲಿಯನ್ನು ಬಾಲ್ಯದಲ್ಲಿ ಈತ ವಾರಸುದಾರನನ್ನಾಗಿ ಮಾಡಿಕೊಳ್ಳಲು ಕೇಳಿದ್ದ, ಹುಡುಗ ಒಪ್ಪಲಿಲ್ಲ ಎಂಬ ಕಥೆ ಚಾಲ್ತಿಯಲ್ಲಿದೆ. ಕೊನೆಗೆ ಆಸ್ತಿ ಹೋದದ್ದು ರಿಚರ್ಡ್ ಕಾಲಿ ಎಂಬ ಸೋದರ ಸಂಬಂಧಿಗೆ, ವೆಸ್ಲಿ ಎಂದು ಹೆಸರು ಬದಲಿಸಿಕೊಳ್ಳಬೇಕೆಂಬ ಷರತ್ತಿನ ಮೇಲೆ. ನಮ್ಮಲ್ಲಿ ದತ್ತುಹೋದವರು ಗೋತ್ರ ಬದಲಿಸಿದಂತೆ ಅಲ್ಲಿ ಆಸ್ತಿಯ ಜೊತೆ ಅಡ್ಡಹೆಸರು ಬರುತ್ತಿತ್ತು. 1746ರಲ್ಲಿ ಈತ ಬ್ಯಾರನ್ ಮಾರ್ನಿಂಗ್‌ಟನ್ ಆದ. ಇವನ ಮೊಮ್ಮಗ ರಿಚರ್ಡ್ 1789ರಲ್ಲಿ ವೆಸ್ಲಿಯನ್ನು ಹಳೆಯ ರೂಪವಾದ ‘ವೆಲ್ಲೆಸ್ಲಿ’ಗೆ ಮರಳಿಸಿದ. ಅವನ ತಮ್ಮ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್, ಹೊಸ ಕಾಗುಣಿತದಲ್ಲಿ ಸಹಿ ಹಾಕತೊಡಗಿದ್ದು 1798ರಲ್ಲಿ, ಭಾರತದಲ್ಲಿದ್ದಾಗ. ಒಂದೇ ಕುಟುಂಬದ ಕಾಗದಪತ್ರ ಕಾಲಿ, ವೆಸ್ಲಿ, ವೆಲ್ಲೆಸ್ಲಿ, ಮಾರ್ನಿಂಗ್‌ಟನ್ ಎಂಬ ನಾಲ್ಕು ಹೆಸರುಗಳಡಿ ಹರಡಿಹೋಗಿರುವುದಕ್ಕೆ ಇದೇ ಕಾರಣ.

600 ಎಕರೆಯ ತೋಟ, ಹಡಗಿದ್ದ ಕೆರೆ

ಡ್ಯಾಂಗನ್ ಹೇಗಿತ್ತೆಂದು ಚೆನ್ನಾಗಿ ಬರೆದಿಟ್ಟವಳು ಇಂಗ್ಲಿಷ್ ಪತ್ರಲೇಖಕಿ ಮೇರಿ ಡಿಲೇನಿ. 1733ರಲ್ಲೊಮ್ಮೆ, 1748ರಲ್ಲೊಮ್ಮೆ ಬಂದು ಹೋಗಿ ಪತ್ರಗಳಲ್ಲಿ ವಿವರ ಕೊಟ್ಟಿದ್ದಾಳೆ. ಎರಡನೆಯ ಸಲ ಬಂದಾಗ ತೋಟ 600 ಐರಿಷ್ ಎಕರೆಗೆ ಬೆಳೆದಿತ್ತು. ಮನೆಯಿಂದ ದೊಡ್ಡ ಕೆರೆಯವರೆಗೆ ಜಲ್ಲಿ ಹಾಸಿದ ದಾರಿ: ಅಗಲ 52 ಅಡಿ, ಉದ್ದ 600 ಗಜ, ಅಂದರೆ ಅರ್ಧ ಕಿಲೋಮೀಟರಿಗಿಂತ ಹೆಚ್ಚು. ಕೆರೆ 26 ಎಕರೆ. ಅದರಲ್ಲಿ ದ್ವೀಪಗಳು, ದಡದಲ್ಲಿ ಅಚ್ಚುಕಟ್ಟಾದ ಒಂದು ಆಟದ ಕೋಟೆ, ನೀರಿನ ಮೇಲೆ ಮೂರು ಹಡಗು. ಅವುಗಳಲ್ಲಿ ಒಂದು ಯುದ್ಧನೌಕೆಯ ಪೂರ್ಣ ಮಾದರಿ. ಕೋಟೆಯಲ್ಲಿ 48 ಪಿರಂಗಿಗಳಿದ್ದವು, ಮನೆಯವರ ಹುಟ್ಟುಹಬ್ಬಕ್ಕೆ ಹಾರಿಸುತ್ತಿದ್ದರು ಎಂದು ಆ ಕಾಲದ ಇನ್ನೊಬ್ಬ ಪ್ರವಾಸಿಯ ಬರಹ. ಯಜಮಾನ ರಿಚರ್ಡ್‌ನ ಹದಿಮೂರರ ಮಗ, ಇನ್ನೊಬ್ಬ ಗ್ಯಾರೆಟ್, ಆ ಕೋಟೆಯ ಗವರ್ನರ್, ಆ ನೌಕಾಪಡೆಯ ಅಡ್ಮಿರಲ್. ಡಿಲೇನಿ ಬಂದಾಗ ಬಾವುಟವೆಲ್ಲ ಏರಿಸಿದ್ದ. ಪಿರಂಗಿ ಸಲಾಮಿ ಬೇಡ ಎಂದಳೆಂದು ಮುಖ ಸಣ್ಣ ಮಾಡಿಕೊಂಡ. ಈ ಗ್ಯಾರೆಟ್‌ನ ಮಕ್ಕಳೇ ರಿಚರ್ಡ್ ಮತ್ತು ಆರ್ಥರ್. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದ ಪಿರಂಗಿಗಳಿಗೆ ಗವರ್ನರ್ ಜನರಲ್ ಆಗಿ ಆಜ್ಞೆ ಕೊಟ್ಟವನು ರಿಚರ್ಡ್, ಮರುದಿನದಿಂದ ಆ ಪಟ್ಟಣದ ಹೊಣೆ ಹೊತ್ತವನು ಆರ್ಥರ್.

‘ಐರಿಷ್ ಎಕರೆ’ ಎಂಬಲ್ಲಿ ಎಷ್ಟೋ ಜನ ಎಡವುತ್ತಾರೆ. ಇಂಗ್ಲಿಷ್ ಅಳತೆಯಲ್ಲಿ ಒಂದು ಪರ್ಚ್ ಎಂದರೆ 5.5 ಗಜ, ಐರಿಷ್ ಅಳತೆಯಲ್ಲಿ 7 ಗಜ. ಎಕರೆ ಎರಡರಲ್ಲೂ 160 ಚದರ ಪರ್ಚ್. ಆದ್ದರಿಂದ ಐರಿಷ್ ಎಕರೆ ನಮ್ಮ ಎಕರೆಯ 1.62 ಪಟ್ಟು, ಸುಮಾರು 65 ಗುಂಟೆ. 600 ಐರಿಷ್ ಎಕರೆ ಎಂದರೆ ನಮ್ಮ ಲೆಕ್ಕದಲ್ಲಿ 972 ಎಕರೆ. ಹಳೆಯ ಪತ್ರದ ಅಂಕಿಯನ್ನು ಹಾಗೆಯೇ ಇಂದಿನ ನಕ್ಷೆಯ ಮೇಲೆ ಇಟ್ಟರೆ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಜಮೀನು ಎಣಿಕೆಯಿಂದಲೇ ಮಾಯವಾಗುತ್ತದೆ.

ಈ 972 ಎಕರೆ ಯಜಮಾನನ ಸ್ವಂತ ಭೋಗಕ್ಕೆ ಉಳಿಸಿಕೊಂಡ ಜಾಗ. ಇಂಥದ್ದನ್ನು ಅಲ್ಲಿ ಡೆಮೀನ್ ಎನ್ನುತ್ತಾರೆ. ಮನೆ, ಉದ್ಯಾನ, ಕೆರೆ, ಮರಗಳ ಸಾಲು, ಕುದುರೆ ಲಾಯ ಎಲ್ಲ ಅದರೊಳಗೆ. ಇದರಿಂದ ಆದಾಯ ಕಡಿಮೆ, ಖರ್ಚು ಮಾತ್ರ ಬಿಡುವಿಲ್ಲದ್ದು. ಕೆರೆಯ ತೂಬು ನೋಡಬೇಕು, ಏರಿಯಲ್ಲಿ ಬೇರು ಬಿಟ್ಟ ಗಿಡ ಕೀಳಬೇಕು, ದಾರಿಗೆ ಜಲ್ಲಿ ತುಂಬಬೇಕು, ಹಡಗಿನ ಹಲಗೆಗೆ ಡಾಂಬರು ಬಳಿಯಬೇಕು. ಅದಕ್ಕೆಲ್ಲ ದುಡ್ಡು ಬರಬೇಕಾದದ್ದು ಡೆಮೀನಿನ ಹೊರಗಿದ್ದ, ಗೇಣಿಗೆ ಕೊಟ್ಟ ಜಮೀನಿನಿಂದ.

ದುಡ್ಡು ಎಲ್ಲಿ ಸೋರಿತು

ಅಂದಿನ ಐರ್ಲೆಂಡಿನಲ್ಲಿ ಜಮೀನುದಾರ ನೇರವಾಗಿ ರೈತನಿಗೆ ಗೇಣಿ ಕೊಡುವುದು ಕಡಿಮೆ. ದೊಡ್ಡ ತುಂಡನ್ನು ಮಧ್ಯವರ್ತಿಯೊಬ್ಬನಿಗೆ ದೀರ್ಘಾವಧಿಗೆ ಬರೆದುಕೊಡುತ್ತಿದ್ದರು. ಅವನು ಅದನ್ನು ಒಳಗೇಣಿಗೆ ಹಂಚುತ್ತಿದ್ದ, ಒಮ್ಮೊಮ್ಮೆ ಅದರ ಕೆಳಗೆ ಇನ್ನೊಂದು ಒಳಗೇಣಿ. ಅವಧಿಯನ್ನು ವರ್ಷಗಳಲ್ಲಷ್ಟೇ ಅಲ್ಲ, ‘ಮೂರು ಜೀವ’ಗಳಲ್ಲೂ ಎಣಿಸುತ್ತಿದ್ದರು. ಗೇಣಿಪತ್ರದಲ್ಲಿ ಮೂವರ ಹೆಸರು ಬರೆದು, ಆ ಮೂವರಲ್ಲಿ ಕೊನೆಯವರು ಸಾಯುವವರೆಗೆ ಗೇಣಿ ನಡೆಯುತ್ತದೆ ಎನ್ನುವ ಏರ್ಪಾಡು. ಜಾಣ ಗೇಣಿದಾರ ತನ್ನ ಮನೆಯ ಗಟ್ಟಿಮುಟ್ಟಾದ ಪುಟ್ಟ ಮಕ್ಕಳ ಹೆಸರು ಬರೆಸುತ್ತಿದ್ದ. ಕೆಲವರು ರಾಜಕುಮಾರರ ಹೆಸರನ್ನೇ ಹಾಕುತ್ತಿದ್ದರು, ಬದುಕಿದ್ದಾರೋ ಇಲ್ಲವೋ ಎಂಬ ತಕರಾರು ಬಾರದಿರಲೆಂದು. ಇಂಥ ಗೇಣಿ ಅರವತ್ತು ವರ್ಷವೂ ಎಳೆಯಬಹುದಿತ್ತು. ಕ್ಯಾಥೊಲಿಕರಿಗೆ ಮಾತ್ರ ಈ ಬಾಗಿಲು ಮುಚ್ಚಿತ್ತು. ದಂಡನಾ ಕಾನೂನುಗಳ ಪ್ರಕಾರ 1778ರವರೆಗೆ ಅವರಿಗೆ 31 ವರ್ಷಕ್ಕಿಂತ ಹೆಚ್ಚಿನ ಗೇಣಿ ಸಿಗುತ್ತಿರಲಿಲ್ಲ. ನೆಲದಲ್ಲಿ ದುಡಿಯುವವರಲ್ಲಿ ಬಹುಪಾಲು ಅವರೇ ಆಗಿದ್ದರೂ ಹೀಗೆ. ಇದು ಬರೀ ಲೆಕ್ಕದ ಮಾತಲ್ಲ, ದೊಡ್ಡ ಅನ್ಯಾಯ. ಮುಂದಿನ ಶತಮಾನದ ಭೂಹೋರಾಟಗಳ ಬೇರು ಇಲ್ಲಿಯೂ ಇದೆ.

ಜಮೀನುದಾರನಿಗೂ ಇದರಲ್ಲಿ ಪೆಟ್ಟಿತ್ತು. 18ನೇ ಶತಮಾನದ ಎರಡನೆಯ ಅರ್ಧದಲ್ಲಿ ಧಾನ್ಯದ ಬೆಲೆ ಏರಿತು, ನೆಲದ ಬೆಲೆ ಏರಿತು. ಹಳೆಯ ಗೇಣಿ ಮಾತ್ರ ಬರೆದ ಮೊತ್ತದಲ್ಲೇ ನಿಂತಿತು. ಏರಿಕೆ ಮಧ್ಯವರ್ತಿಯ ಜೇಬಿಗೆ ಹೋಯಿತು. ಯಜಮಾನನ ಖರ್ಚು ಮಾತ್ರ ಕಾಲದ ಜೊತೆ ಬೆಳೆಯಿತು: ವಿಧವೆಯಾಗುವ ಹೆಂಡತಿಗೆ ಜೀವನಾಂಶ, ಕಿರಿಯ ಮಕ್ಕಳಿಗೆ ಒಟ್ಟು ಮೊತ್ತದ ಪಾಲು, ಹೆಣ್ಣುಮಕ್ಕಳ ಮದುವೆ. ಹಿರಿಯ ಮಗನಿಗೆ ಜಮೀನೆಲ್ಲ ಹೋಗುವ ಪದ್ಧತಿಯಲ್ಲಿ ಉಳಿದವರ ಹಕ್ಕನ್ನು ಹೀಗೆ ಜಮೀನಿನ ಮೇಲಿನ ಸಾಲವಾಗಿ ಕಟ್ಟುತ್ತಿದ್ದರು. ಕೈಯಲ್ಲಿ ನಗದಿಲ್ಲದಿದ್ದರೆ ಅಡಮಾನ. 1730ರ ದಶಕದಿಂದ ಐರ್ಲೆಂಡಿನಲ್ಲಿ ಕಾನೂನು ಒಪ್ಪುವ ಗರಿಷ್ಠ ಬಡ್ಡಿ ನೂರಕ್ಕೆ 6. ಉದಾಹರಣೆಗೆ 10,000 ಪೌಂಡ್ ಅಡಮಾನಕ್ಕೆ ವರ್ಷಕ್ಕೆ 600 ಪೌಂಡ್ ಬಡ್ಡಿಯಾಯಿತೆನ್ನೋಣ. ಎಕರೆಗೆ ಹತ್ತು ಶಿಲಿಂಗ್ ಗೇಣಿ ಎಂದು ಹಿಡಿದರೂ 1,200 ಎಕರೆಯ ಪೂರ್ತಿ ಹುಟ್ಟುವಳಿ ಬಡ್ಡಿಗೇ ಸರಿ. ಅಸಲು ಇದ್ದಲ್ಲೇ ಇರುತ್ತದೆ.

ಆಟದ ನೌಕಾಪಡೆಯ ಅಡ್ಮಿರಲ್ ಗ್ಯಾರೆಟ್ ಬೆಳೆದು ಸಂಗೀತಗಾರನಾದ. 1760ರಲ್ಲಿ ಮಾರ್ನಿಂಗ್‌ಟನ್ನಿನ ಅರ್ಲ್, 1764ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ. ಸ್ವರ ಸಂಯೋಜನೆಯಲ್ಲಿ ನಿಜವಾದ ಪ್ರತಿಭೆಯಿದ್ದವನು, ಹಣದ ವಿಷಯದಲ್ಲಿ ಬಿಗಿಯಿಲ್ಲದವನು. ಡಬ್ಲಿನ್‌ನ ಮೆರಿಯನ್ ಬೀದಿಯಲ್ಲೂ ದೊಡ್ಡ ಮನೆ ಇಟ್ಟುಕೊಂಡಿದ್ದ. ಆರ್ಥರ್ 1769ರಲ್ಲಿ ಹುಟ್ಟಿದ್ದು ಅಲ್ಲಿಯೋ, ಡ್ಯಾಂಗನ್‌ನಲ್ಲಿಯೋ ಎಂಬ ವಾದ ಇಂದಿಗೂ ಪೂರ್ತಿ ತೀರಿಲ್ಲ. ಹೆಚ್ಚಿನವರು ಒಪ್ಪುವುದು ಡಬ್ಲಿನ್‌ನ ಮನೆಯನ್ನು. ಮನೆಯವರು ಹೇಳುತ್ತಿದ್ದ ಹುಟ್ಟಿದ ದಿನ ಮೇ 1. ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನ ನಡೆದದ್ದು ಏಪ್ರಿಲ್ 30ಕ್ಕೆ!

1781ರ ಮೇ ತಿಂಗಳಲ್ಲಿ ಗ್ಯಾರೆಟ್ ತೀರಿಕೊಂಡಾಗ ಹಿರಿಯ ಮಗ ರಿಚರ್ಡ್‌ಗೆ 21 ತುಂಬಲು ಇನ್ನೊಂದು ತಿಂಗಳಿತ್ತು. ಆಕ್ಸ್‌ಫರ್ಡ್ ಓದನ್ನು ಪದವಿಯಿಲ್ಲದೆ ಬಿಟ್ಟು ಅಪ್ಪನ ಸಾಲವನ್ನು ತಲೆಯ ಮೇಲೆ ಎಳೆದುಕೊಂಡ. ತಾಯಿ ಆನ್ ಖರ್ಚು ತಗ್ಗಿಸಲು ಕೆಲಕಾಲ ಬ್ರಸೆಲ್ಸ್‌ಗೆ ಹೋಗಿ ನೆಲೆಸಿದಳು, ಆರ್ಥರ್ ಜೊತೆಗಿದ್ದ. ಮನೆತನದ ಹಿಡಿತದಲ್ಲಿದ್ದ ಟ್ರಿಮ್ ಕ್ಷೇತ್ರದಿಂದ 1790ರಲ್ಲಿ ಆರ್ಥರ್ ಐರಿಷ್ ಸಂಸತ್ತಿಗೆ ಹೋದ. ಜಮೀನಿನ ಪ್ರಭಾವದಿಂದ ಸ್ಥಾನಮಾನ ಸಿಗುತ್ತಿತ್ತು, ಸಾಲ ತೀರುತ್ತಿರಲಿಲ್ಲ.

1793ರಲ್ಲಿ ರಿಚರ್ಡ್ ಡ್ಯಾಂಗನ್ ಮಾರಿದ. ಕೊಂಡವನು ಥಾಮಸ್ ಬರೋಸ್. ಅದೇ ವರ್ಷ ಅಣ್ಣ ಕೊಟ್ಟ ದುಡ್ಡಿನಲ್ಲಿ ಆರ್ಥರ್ 33ನೇ ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಕೊಂಡ. ಆಗ ಸೇನೆಯ ಹುದ್ದೆಗಳು ಮಾರಾಟಕ್ಕಿದ್ದವು. ಅಪ್ಪನಿಂದ ಬಂದ ಪಿಟೀಲು ವಿದ್ಯೆಯನ್ನು ಅದೇ ವರ್ಷ ಕೈಬಿಟ್ಟು ಪಿಟೀಲುಗಳನ್ನು ಸುಟ್ಟುಹಾಕಿದನೆಂದು ಹೇಳುತ್ತಾರೆ. ಆ ರೆಜಿಮೆಂಟಿನ ಜೊತೆಗೇ ಆತ ಮೈಸೂರಿಗೆ ಬಂದದ್ದು. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಹಂಚಿ ಗಡಿ ಗೀಚಿದ ಐವರ ಆಯೋಗದಲ್ಲಿ ಇಬ್ಬರು ಡ್ಯಾಂಗನ್ ಮನೆತನದವರು, ಆರ್ಥರ್ ಮತ್ತು ಕಿರಿಯ ತಮ್ಮ ಹೆನ್ರಿ. ಅವರನ್ನು ನೇಮಿಸಿದವನು ಅಣ್ಣ ರಿಚರ್ಡ್. ಲೂಟಿಯ ಹಂಚಿಕೆಯಲ್ಲಿ ಆರ್ಥರ್‌ಗೆ ಸುಮಾರು 4,000 ಪೌಂಡ್ ಬಂತು. ಹುದ್ದೆಗೆ ಕೊಟ್ಟ ಸಾಲ ತೀರಿಸುತ್ತೇನೆಂದು ಅಣ್ಣನಿಗೆ ಬರೆದ, ಅಣ್ಣ ಬೇಡವೆಂದ. ರಿಚರ್ಡ್ ತನಗೆ ಬಂದ ಒಂದು ಲಕ್ಷ ಪೌಂಡ್ ಪಾಲನ್ನು ನಿರಾಕರಿಸಿದ, ಬದಲಿಗೆ ಕಂಪನಿ 20 ವರ್ಷ ಕಾಲ ವರ್ಷಕ್ಕೆ 5,000 ಪೌಂಡ್ ಗೊತ್ತುಮಾಡಿತು. ಡ್ಯಾಂಗನ್ ಕೈಬಿಟ್ಟು ಆಗಲೇ ಆರು ವರ್ಷ ಕಳೆದಿತ್ತು.

ಗೇಣಿಗೆ ಬಂದ ರೋಜರ್

1803ರ ಸುಮಾರಿಗೆ ಮನೆಯನ್ನು ಗೇಣಿಗೆ ಹಿಡಿದವನು ರೋಜರ್ ಓ’ಕಾನರ್. 1798ರ ಬಂಡಾಯಕ್ಕೆ ಕಾರಣವಾದ ಯುನೈಟೆಡ್ ಐರಿಷ್‌ಮೆನ್ ಸಂಘದವನು. ಸ್ಕಾಟ್ಲೆಂಡಿನ ಫೋರ್ಟ್ ಜಾರ್ಜ್‌ನಲ್ಲಿ ಸೆರೆಯಿದ್ದು ಬಂದಿದ್ದ. ನೆಪೋಲಿಯನ್ ಐರ್ಲೆಂಡಿಗೆ ಬಂದಾಗ ಅವನನ್ನು ಬರಮಾಡಿಕೊಳ್ಳಲು ತಕ್ಕ ಮನೆ ಬೇಕಲ್ಲ, ಅದಕ್ಕೇ ಡ್ಯಾಂಗನ್ ಹಿಡಿದೆ ಎನ್ನುತ್ತಿದ್ದನಂತೆ.

ಮಾಲೀಕತ್ವ ಮತ್ತು ವಾಸ ಬೇರೆಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ಈ ವರ್ಷಗಳು ಪಾಠ. ಗೇಣಿದಾರನಿಗೆ ಐವತ್ತು ವರ್ಷದ ಮರ ಎಂದರೆ ಈಗಲೇ ಸಿಗುವ ದುಡ್ಡು. ಡ್ಯಾಂಗನ್‌ನ ಸಾಲುಮರಗಳು ಉರುಳಿದವು, ಉದ್ಯಾನ ಹಾಳುಬಿತ್ತು. 1809ರಲ್ಲಿ ಮನೆಗೆ ಬೆಂಕಿ ಬಿತ್ತು. ಅದಕ್ಕೆ ಸ್ವಲ್ಪವೇ ಮುಂಚೆ 5,000 ಪೌಂಡ್‌ಗೆ ವಿಮೆ ಮಾಡಿಸಿದ್ದನೆಂಬ ಮಾತು ಹರಡಿ ಅನುಮಾನ ಬಲವಾಯಿತು, ಆದರೆ ಸಾಬೀತಾಗಲಿಲ್ಲ. 1812ರಲ್ಲಿ ಗಾಲ್ವೆ ಅಂಚೆಗಾಡಿಯ ದರೋಡೆ ನಡೆಯಿತು. ಆ ಆರೋಪದ ಮೇಲೆ 1817ರಲ್ಲಿ ಟ್ರಿಮ್‌ನಲ್ಲಿ ಅವನ ವಿಚಾರಣೆಯಾಗಿ ಖುಲಾಸೆಯಾದ. ವಾಟರ್‌ಲೂ ಗೆದ್ದ ಆರ್ಥರ್‌ನ ಗೌರವಕ್ಕೆ ಟ್ರಿಮ್‌ನಲ್ಲಿ ಕಂಬ ನಿಲ್ಲಿಸಿದ್ದೂ ಅದೇ 1817ರಲ್ಲಿ.

ರೋಜರ್‌ನ ಇಬ್ಬರು ಗಂಡುಮಕ್ಕಳು ಬಾಲ್ಯದಲ್ಲಿ ಈ ಮನೆಯಲ್ಲಿದ್ದವರು. ಫ್ರಾನ್ಸಿಸ್ಕೊ ದಕ್ಷಿಣ ಅಮೆರಿಕಕ್ಕೆ ಹೋಗಿ ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಬೊಲಿವಾರನ ಸೇನೆಯಲ್ಲಿ ದೊಡ್ಡ ಅಧಿಕಾರಿಯಾದ. ಫರ್ಗಸ್ ಇಂಗ್ಲೆಂಡಿನ ಕಾರ್ಮಿಕರಿಗೆ ಮತದಾನದ ಹಕ್ಕು ಕೇಳಿದ ಚಾರ್ಟಿಸ್ಟ್ ಚಳವಳಿಯ ನಾಯಕನಾದ. 1848ರ ಏಪ್ರಿಲ್ 10ರಂದು ಥೇಮ್ಸ್ ನದಿಯ ದಕ್ಷಿಣಕ್ಕೆ ಕೆನಿಂಗ್ಟನ್ ಬಯಲಿನಲ್ಲಿ ಫರ್ಗಸ್ ಜನ ಸೇರಿಸಿದ. ನದಿಯ ಈಚೆ ಲಂಡನ್ ರಕ್ಷಣೆಯ ಹೊಣೆ ಹೊತ್ತಿದ್ದವನು 78 ವರ್ಷದ ಆರ್ಥರ್ ವೆಲ್ಲೆಸ್ಲಿ. ಡ್ಯಾಂಗನ್‌ನ ಒಂದೇ ಕೆರೆಯ ದಡದಲ್ಲಿ ಬೇರೆಬೇರೆ ಕಾಲಕ್ಕೆ ಆಡಿದ ಇಬ್ಬರು ಎದುರುಬದುರಾದರು. ಘರ್ಷಣೆ ಬೇಡವೆಂದು ಫರ್ಗಸ್ ಜನರನ್ನು ಚದುರಿಸಿ ಮನವಿಯನ್ನು ಬಾಡಿಗೆ ಗಾಡಿಗಳಲ್ಲಿ ಸಂಸತ್ತಿಗೆ ಕಳಿಸಿದ.

ಸುಟ್ಟ ಗೋಡೆಗೆ ಆಮೇಲೆ ಏನಾಗುತ್ತದೆ

ಬೆಂಕಿ ಒಂದು ರಾತ್ರಿಯ ಕೆಲಸ. ಪಾಳುಬೀಳುವುದು ನೂರಾರು ವರ್ಷದ್ದು, ಅದಕ್ಕೊಂದು ಕ್ರಮವಿದೆ. ಮೀತ್ ಕೌಂಟಿಯ ನೆಲದ ಕಲ್ಲು ಹೆಚ್ಚಾಗಿ ಸುಣ್ಣದ ಕಲ್ಲು. ಅದು 900 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾದರೆ ಮೇಲ್ಮೈ ಸುಟ್ಟ ಸುಣ್ಣವಾಗುತ್ತದೆ. ಮೇಲೆ ಮಳೆ ಬಿದ್ದರೆ ಅರಳಿ, ಉಬ್ಬಿ, ಸಿಪ್ಪೆಯಂತೆ ಕಳಚುತ್ತದೆ. ಚಾವಣಿಯ ಸಂದುಗಳಿಗೆ ಹಾಕಿದ ಸೀಸ 327 ಡಿಗ್ರಿಗೇ ಕರಗಿ ಹರಿಯುತ್ತದೆ. ಉಳಿದದ್ದನ್ನು ಜನ ಕಿತ್ತು ಮಾರುತ್ತಾರೆ, ಮೆಟ್ಟಿಲು ಕಲ್ಲು, ಕಿಟಕಿಯ ಕೆತ್ತಿದ ಚೌಕಟ್ಟು ಸಮೇತ.

ಆ ಕಾಲದ ಗೋಡೆ ಎಂದರೆ ಹೊರಗೊಂದು, ಒಳಗೊಂದು ಕಲ್ಲಿನ ಪದರ, ನಡುವೆ ಗಾರೆ ಮತ್ತು ಚೂರುಕಲ್ಲು. ಸೂರು ಹೋದ ಮೇಲೆ ನೀರು ಗೋಡೆಯ ತಲೆಯಿಂದ ನೇರ ನಡುವಿಗೆ ಇಳಿಯುತ್ತದೆ, ಗಾರೆಯ ಸುಣ್ಣವನ್ನು ಕರಗಿಸಿ ಒಯ್ಯುತ್ತದೆ. ನಡುಭಾಗ ಟೊಳ್ಳಾಗಿ ಹೊರಪದರ ಹೊಟ್ಟೆ ಬಿಡುತ್ತದೆ. ಐರ್ಲೆಂಡಿನ ಪೂರ್ವಭಾಗದಲ್ಲಿ ವರ್ಷದ ಮಳೆ 750ರಿಂದ 1000 ಮಿ.ಮೀ., ಬೆಂಗಳೂರಿನದಕ್ಕಿಂತ ಹೆಚ್ಚೇನಲ್ಲ. ಆದರೆ ಅದು ವರ್ಷವಿಡೀ, ಸುಮಾರು 150 ದಿನಗಳಲ್ಲಿ ಹಂಚಿ ಬೀಳುತ್ತದೆ. ಗೋಡೆಗೆ ಒಣಗಲು ಪುರಸೊತ್ತೇ ಇಲ್ಲ. ಚಳಿಗಾಲದಲ್ಲಿ ಒಳಗಿನ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ಶತ್ರು ಗೋಡೆಯೊಳಗಿನ ಮರ. 18ನೇ ಶತಮಾನದ ಮನೆಗಳಲ್ಲಿ ಒಳಗೋಡೆಯ ಉದ್ದಕ್ಕೂ ಅಡ್ಡತೊಲೆಗಳನ್ನು ಹುದುಗಿಸುತ್ತಿದ್ದರು, ಗೋಡೆಯನ್ನು ಬಿಗಿಯಲು, ಮರದ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಲು. ಕಿಟಕಿಯ ಮೇಲೆ ಹೊರಗೆ ಕಲ್ಲು ಕಂಡರೂ ಹಿಂದೆ ಹೊರೆ ಹೊತ್ತದ್ದು ಮರದ ತೊಲೆ. ಅದು ಸುಟ್ಟರೆ ಅಥವಾ ಕೊಳೆತರೆ ಗೋಡೆಯಲ್ಲಿ ಅಡ್ಡಸೀಳು ಉಳಿದು, ಮೇಲಿನ ಭಾರವೆಲ್ಲ ಹೊರಪದರದ ಮೇಲೆ ವಾಲುತ್ತದೆ. ಪಾಳುಮನೆಗಳು ಮೊದಲು ಕಿಟಕಿಗಳ ಮೇಲೆಯೇ ಕುಸಿಯುವುದು ಇದರಿಂದ.

ಹಬ್ಬುವ ಐವಿ ಬಳ್ಳಿಯನ್ನು ಕಂಡೊಡನೆ ಎಳೆದು ಕೀಳುವುದು ಅತಿ ದೊಡ್ಡ ತಪ್ಪು. ನಮ್ಮ ಗೋಪುರಗಳಲ್ಲಿ ಹುಟ್ಟುವ ಅರಳಿ ಗಿಡದಂತೆ ಅದರ ಬೇರು ಗಾರೆಯೊಳಗೆ ಇಳಿದಿರುತ್ತದೆ, ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ. ಬುಡದ ಹತ್ತಿರ ಕಾಂಡದ ಒಂದು ತುಂಡನ್ನೇ ಕತ್ತರಿಸಿ ತೆಗೆದು, ಮೇಲಿನದು ಒಣಗಲು ಬಿಡಬೇಕು. ಗಾರೆ ಕೆಲಸದವರು ಪಕ್ಕದಲ್ಲಿರುವಾಗ ಮಾತ್ರ ತುಸುತುಸುವಾಗಿ ಬಿಡಿಸಿ, ಬಿಟ್ಟ ಸಂದನ್ನು ಆಗಲೇ ತುಂಬಬೇಕು. ಪಕ್ಷಿಗಳು ಗೂಡು ಕಟ್ಟುವ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಡಿಯುವ ಕೆಲಸ ಬೇಡ, ಬಾವಲಿಗಳಿವೆಯೇ ಎಂದೂ ಮೊದಲು ನೋಡಬೇಕು.

ತುಂಬುವುದಕ್ಕೆ ಸಿಮೆಂಟ್ ಖಂಡಿತ ಕೂಡದು. ಅದು ಗಟ್ಟಿ, ನೀರನ್ನು ಹೊರಬಿಡುವುದಿಲ್ಲ. ಒಳಗೆ ಸಿಕ್ಕಿಕೊಂಡ ತೇವ ಕಲ್ಲಿನ ಮೂಲಕವೇ ಹೊರಬರುತ್ತ ಕಲ್ಲನ್ನೇ ತಿನ್ನುತ್ತದೆ. ಒಂದು ಪಾಲು ನೀರಿನಲ್ಲಿ ಗಟ್ಟಿಯಾಗುವ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು, ಕಲ್ಲನ್ನು ಮೊದಲು ನೆನೆಸಿ, ಅಗಲ ಸಂದಿಗೆ ಚಿಕ್ಕ ಕಲ್ಲು ಕುಕ್ಕಿ ಹಾಕಬೇಕು. ಉಷ್ಣತೆ 5 ಡಿಗ್ರಿಗಿಂತ ಇಳಿದರೆ ಗಾರೆ ಹಿಡಿಯುವುದಿಲ್ಲ, ಹಾಗಾಗಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಷ್ಟೇ ಕೆಲಸ. ಹಾಕಿದ ಮೇಲೆ ಒದ್ದೆ ಗೋಣಿ ಹೊದಿಸಿ ವಾರವಾದರೂ ಕಾಯಬೇಕು. ಗೋಡೆಯ ತಲೆಗೆ ಒಂದು ಗೇಣಿನೊಳಗಿನ ದಪ್ಪದಲ್ಲಿ ಮಣ್ಣು ಸಮೇತ ಹುಲ್ಲಿನ ಹೆಂಟೆ ಹೊದಿಸುವುದು ಅಗ್ಗದ, ಒಳ್ಳೆಯ ಉಪಾಯ. ಹುಲ್ಲು ಮಳೆಯನ್ನು ಹೀರುತ್ತದೆ, ಹಿಮದಿಂದ ಕಾಯುತ್ತದೆ. ದಾಖಲಾದ ಸ್ಮಾರಕವಾದರೆ ಇದ್ಯಾವುದನ್ನೂ ಮಾಲೀಕ ತನ್ನಿಷ್ಟಕ್ಕೆ ಮಾಡುವಂತಿಲ್ಲ. ಎರಡು ತಿಂಗಳು ಮುಂಚೆ ಸರ್ಕಾರಕ್ಕೆ ಲಿಖಿತ ಸೂಚನೆ ಕೊಡಬೇಕೆಂಬ ಪದ್ಧತಿ 1994ರ ಕಾಯ್ದೆಯಿಂದ ಬಂತು.

ಡ್ಯಾಂಗನ್‌ನ ಕೆರೆ ಈಗಿಲ್ಲ, ಹಡಗೂ ಇಲ್ಲ, ಜಲ್ಲಿದಾರಿ ಹೊಲದಡಿ ಹೋಗಿದೆ. ತೋಟದ ಅಲಂಕಾರಕ್ಕೆಂದು ನಿಲ್ಲಿಸಿದ ಒಬೆಲಿಸ್ಕ್‌ಗಳು ಮಾತ್ರ ಮನೆಗಿಂತ ಚೆನ್ನಾಗಿ ಉಳಿದಿವೆ. ಅವುಗಳಿಗೆ ಸೂರಿಲ್ಲ, ಒಳಗೆ ತೊಲೆಯಿಲ್ಲ, ಕಿತ್ತು ಮಾರಲು ಸೀಸವಿಲ್ಲ. ಮೇಲಕ್ಕೆ ಹೋದಂತೆ ಕಿರಿದಾಗುವ ಆ ಆಕಾರದ ಮೇಲೆ ನೀರು ನಿಲ್ಲುವುದಿಲ್ಲ.